ಧಾರಾವಾಹಿಯ ಸೊಸೆ ನಮ್ಮೂರಿಗೆ ಓಡಿ ಬಂದದ್ದು

ಸಿಂಧನೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಆಟದ ಟೀಚರು. ಕೆಲವು ವರ್ಷಗಳ ಹಿಂದೆ, ಬೇಸಿಗೆ ಕಾಲಿಟ್ಟ ದಿನಗಳಲ್ಲಿ, ಒಬ್ಬ ಧಾರಾವಾಹಿ ನಟಿ ನಮ್ಮ ಕಡೆ ಓಡುತ್ತ ಬರುತ್ತಾಳೆಂಬ ಸುದ್ದಿ ಬಂತು. ಮೊದಲ ದಿನ ಲಿಂಗಸುಗೂರಿನಿಂದ ಮಸ್ಕಿಗೆ, ಮರುದಿನ ಮಸ್ಕಿಯಿಂದ ಸಿಂಧನೂರಿಗೆ. ತಿಂಗಳು ತಿಂಗಳಿಗೂ ರಕ್ತ ಹಾಕಿಸಿಕೊಳ್ಳಲೇಬೇಕಾದ ಮಕ್ಕಳು ಇರುತ್ತಾರಲ್ಲ, ನಮ್ಮ ಸೀಮೆಯ ಅಂಥ ಮಕ್ಕಳನ್ನು ತಾಯಂದಿರು ಬಸ್ಸಿನಲ್ಲಿ ಮಡಿಲಿಗೆ ಹಾಕಿಕೊಂಡು ದೂರದ ಊರಿಗೆ ಒಯ್ಯುತ್ತಾರೆ. ಅವರಿಗಾಗಿ ಇಲ್ಲೇ ಒಂದು ಸಣ್ಣ ವಾರ್ಡು ಕಟ್ಟಿಸಬೇಕು ಎಂಬುದು ಆಕೆಯ ಆಸೆ, ಅದಕ್ಕೆ ದುಡ್ಡು ಕೂಡಿಸಲು ಈ ಓಟ. ಆಕೆಯ ತಮ್ಮನೊಬ್ಬ ಅದೇ ಕಾಯಿಲೆಯಿಂದ ಚಿಕ್ಕವನಿದ್ದಾಗಲೇ ಹೋದನಂತೆ. ಜೊತೆಗೆ ಓಡಲು ಈ ಭಾಗದ ಹೆಣ್ಣುಮಗಳೊಬ್ಬಳು ಬೇಕೆಂದು ಸಂಘಟಕರು ಕೇಳಿದಾಗ ಪ್ರಿನ್ಸಿಪಾಲರು ನನ್ನ ಹೆಸರು ಹೇಳಿಬಿಟ್ಟರು.

ಆಕೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಿಲ್ಲ. ದಿನಾ ಸಂಜೆ ಟಿ.ವಿ.ಯಲ್ಲಿ ಅತ್ತೆಗೆ ಅನ್ನ ಹಾಕದೆ ಕೋಣೆಯಲ್ಲಿ ಕೂಡಿಹಾಕುವ ಸೊಸೆಯ ಪಾತ್ರ ಆಕೆಯದು. ನಮ್ಮ ಅತ್ತೆಯವರು ಆಕೆ ಪರದೆಯ ಮೇಲೆ ಬಂದಳೆಂದರೆ ಶಾಪ ಹಾಕದೆ ಬಿಡುತ್ತಿರಲಿಲ್ಲ. ಸುದ್ದಿ ಹೇಳಿದಾಗ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಬಿಟ್ಟು ನನ್ನ ಮುಖ ನೋಡಿದರು. “ಆ ಪಿಶಾಚಿ ಜೋಡಿ ಓಡತೀಯೇನವಾ ನೀ?” ಎಂದರು.

ಲಿಂಗಸುಗೂರಿನಲ್ಲಿ ಬೆಳಗ್ಗೆ ಆಕೆಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಪರದೆಯ ಮೇಲಿನ ಆ ಕಾಡಿಗೆ, ಆ ದೊಡ್ಡ ಬೊಟ್ಟು ಯಾವುದೂ ಇಲ್ಲ. ತೆಳ್ಳನೆಯ, ಸಣ್ಣ ದನಿಯ ಹೆಣ್ಣುಮಗಳು. ಬಸ್ ನಿಲ್ದಾಣದ ಮುಂದೆ ಜನವೋ ಜನ. ಮುದುಕಿಯೊಬ್ಬರು ಗುಂಪಿನಲ್ಲಿ ದಾರಿ ಮಾಡಿಕೊಂಡು ಬಂದು ಆಕೆಯ ಕೈ ಹಿಡಿದು, ಅತ್ತೆಯನ್ನು ಯಾಕೆ ಹಾಗೆ ಗೋಳಾಡಿಸುತ್ತೀ ಎಂದು ನಿಜವಾಗಿ ಬೈಯತೊಡಗಿದರು. ಆಕೆ ನಗುತ್ತ, ಅದೆಲ್ಲ ನಾಟಕ ಅಜ್ಜಿ, ನಾನು ಅಂಥವಳಲ್ಲ ಎಂದಳು.

ಮುದುಕಿ ನಗಲಿಲ್ಲ. “ಅದು ನಾಟಕ ಇದ್ರ ಇದೂ ನಾಟಕನ ಇರಬೇಕಲ್ಲವಾ” ಎಂದು ಕೈ ಬಿಟ್ಟು ಹೋದರು.

ಸುತ್ತಲಿನವರು ನಕ್ಕರು. ಆಕೆಯೂ ನಕ್ಕಳು, ಆದರೆ ಆ ನಗು ತುಟಿಯಾಚೆ ಹೋಗಲಿಲ್ಲ.

ಮೊದಲ ದಿನದ ದಾರಿಯುದ್ದಕ್ಕೂ ಅದೇ ಮಾತು ಬೇರೆ ಬೇರೆ ಬಾಯಲ್ಲಿ ಕೇಳಿಸಿತು. ಚಹಾದಂಗಡಿಯ ಬೆಂಚಿನ ಮೇಲೆ ಕೂತವರು, ಕ್ಯಾಮೆರಾ ಸರಿದ ಕೂಡಲೇ ಕಾರು ಹತ್ತುತ್ತಾಳೆ ನೋಡುತ್ತಿರು ಎಂದು ನಮಗೆ ಕೇಳುವ ಹಾಗೆಯೇ ಹೇಳಿದರು. ಶಾಲೆಯ ಮುಂದೆ ಸಾಲಾಗಿ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಮಜ್ಜಿಗೆಯ ತಂಬಿಗೆ ಹಿಡಿದು ನಮ್ಮ ಜೊತೆ ಒಂದಷ್ಟು ದೂರ ಓಡಿಯೇ ಬಂದಳು. ಬೈಕಿನ ಹುಡುಗರು ಮಾತ್ರ ಹಿಂದೆಯೇ ಇದ್ದರು. ಪ್ರೀತಿಯಿಂದ ಬರುತ್ತಿದ್ದಾರೋ ಕಳ್ಳತನ ಹಿಡಿಯಲು ಬರುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಮಸ್ಕಿ ಇನ್ನೂ ದೂರವಿದ್ದಾಗ ಆಕೆಯ ಅಂಗಾಲಿನ ಬೊಬ್ಬೆ ಒಡೆಯಿತು. ಬಟ್ಟೆ ಸುತ್ತಿ ಬೂಟು ಬದಲಿಸಲು, ನಮ್ಮ ಜೊತೆ ಬರುತ್ತಿದ್ದ ಸಂಘಟಕರ ಕಾರಿನೊಳಗೆ ಕೂತೆವು. ನಿಂತ ಕಾರು. ಎರಡು ಗುಟುಕು ನೀರು ಕುಡಿದು ಇಳಿದು ಅಲ್ಲಿಂದಲೇ ಮತ್ತೆ ಓಡಿದೆವು. ಸಂಜೆ ಮಸ್ಕಿಯ ಲಾಡ್ಜಿಗೆ ಬರುವಷ್ಟರಲ್ಲಿ ಆಕೆ ಕಾರಿನ ಬಾಗಿಲು ತೆಗೆದು ಕೂರುವುದಷ್ಟೇ ಇದ್ದ ವೀಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಇಳಿದದ್ದು ಅದರಲ್ಲಿ ಇರಲಿಲ್ಲ. ಕೆಳಗೆ ಜನ ಬರೆದದ್ದನ್ನು ಆಕೆ ಒಂದೊಂದಾಗಿ ಓದಿದಳು. ಬೇಡವೆಂದರೂ ಬಿಡಲಿಲ್ಲ. ಸತ್ತ ತಮ್ಮನನ್ನೂ ಎಳೆದು ತಂದಿದ್ದರು.

ಮೊಬೈಲು ಕೆಳಗಿಟ್ಟು ಸಂಘಟಕರನ್ನು ಕರೆಸಿದಳು. ಕಾರನ್ನು ಸಿಂಧನೂರಿಗೆ ಮುಂದೆ ಕಳಿಸಿಬಿಡಿ, ಜೊತೆಗೆ ಬರುವ ಆಂಬುಲೆನ್ಸು ವೀಡಿಯೊದಲ್ಲಿ ಕಾಣದಷ್ಟು ಹಿಂದೆ ಇರಲಿ ಎಂದಳು. ಅವರು ಒಪ್ಪಿದರು. ಬಿಸಿಲಿಗೆ ಓಡುವ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ. ಕಾಲು ಸೋಲುವುದಕ್ಕೆ ನಾನು ಹೆದರುವುದಿಲ್ಲ, ಹಟಕ್ಕೆ ಹೆದರುತ್ತೇನೆ. ಆಂಬುಲೆನ್ಸಾದರೂ ಹತ್ತಿರ ಇರಲಿ ಎಂದೆ. ಆಕೆ ಬೇಡವೆಂದು ತಲೆಯಾಡಿಸಿದಳು.

ಮರುದಿನ ಹೊತ್ತು ಹುಟ್ಟುವ ಮುಂಚೆಯೇ ಹೊರಡಬೇಕಿತ್ತು. ಮಸ್ಕಿಯ ಜನ ಬಿಡಲಿಲ್ಲ. ಬೈದವರ ಊರಿನಲ್ಲಿಯೇ ಬಯಸುವವರೂ ಇದ್ದರಲ್ಲ, ಅವರು ಪೆಂಡಾಲು ಹಾಕಿಸಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ, ಹೆಣ್ಣುಮಕ್ಕಳ ಕೋಲಾಟ, ಒಬ್ಬರಾದ ಮೇಲೊಬ್ಬರ ಭಾಷಣ. ಆಕೆ ಯಾರಿಗೂ ಒಲ್ಲೆ ಎನ್ನಲಿಲ್ಲ. ಸೊಕ್ಕಿನವಳು ಅಂದಾರು ಎಂಬ ಅಂಜಿಕೆ. ಪೆಂಡಾಲಿನಿಂದ ಹೊರಬಿದ್ದಾಗ ನನ್ನ ನೆರಳು ಕಾಲ ಬುಡಕ್ಕೆ ಬಂದಿತ್ತು, ಡಾಂಬರಿನ ವಾಸನೆ ಏಳತೊಡಗಿತ್ತು.

ಮಸ್ಕಿ ದಾಟಿ ಕಾಲುವೆ ಸೀಮೆ ಶುರುವಾದ ಮೇಲೆ ದಾರಿ ಇನ್ನೂ ಇಕ್ಕಟ್ಟಾಯಿತು. ಬೇಗ ನಾಟಿ ಮಾಡಿದವರ ಭತ್ತ ಕೊಯ್ಲಾಗಿ ರಸ್ತೆಯ ಅರ್ಧಕ್ಕೆ ಒಣಹಾಕಿದ್ದರು. ಉಳಿದ ಅರ್ಧದಲ್ಲಿ ಲಾರಿ, ಟ್ರ್ಯಾಕ್ಟರು, ನಾವು, ನಮ್ಮ ಹಿಂದೆ ಹಿಂದಿನ ದಿನಕ್ಕಿಂತ ಹೆಚ್ಚಾದ ಬೈಕುಗಳು. ಹಾರನ್ನು, ಹೊಗೆ. ಆಂಬುಲೆನ್ಸು ಎಷ್ಟು ಹಿಂದಿದೆಯೋ ತಿರುಗಿ ನೋಡಿದರೂ ಕಾಣುತ್ತಿರಲಿಲ್ಲ.

ಆಕೆಯ ಕುತ್ತಿಗೆಯ ಮೇಲೆ ನನ್ನ ಕಣ್ಣು ಇತ್ತು. ಅಲ್ಲಿಯವರೆಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಒಂದು ತಿರುವಿನ ಆಚೆ ಕುತ್ತಿಗೆ ಒಣಗಿದ್ದು ಕಂಡಿತು. ತೋಳಿನ ಮೇಲೆ ಮುಳ್ಳೆದ್ದಿದ್ದವು. ಸಿಂಧನೂರು ಎಷ್ಟು ದೂರ ಎಂದು ಕೇಳಿದಳು, ಹೇಳಿದೆ. ನಾಲ್ಕು ಹೆಜ್ಜೆ ಹೋಗಿ ಅದನ್ನೇ ಕೇಳಿದಳು. ಮತ್ತೆ ಹೇಳಿದೆ. ಮತ್ತೆ ಕೇಳಿದಳು.

“ನಿಲ್ಲೋಣರಿ. ನಿಮಗ ಆರಾಮಿಲ್ಲ” ಎಂದೆ.

“ಚಳಿ ಆಗ್ತಿದೆ ಮೇಡಂ” ಎಂದಳು. “ಫ್ಯಾನ್ ಆಫ್ ಮಾಡೋಕೆ ಹೇಳಿ.”

ಹಣೆ ಮುಟ್ಟಿದೆ. ಸುಡುವ ಹಂಚು ಮುಟ್ಟಿದ ಹಾಗಿತ್ತು. ಬಿಸಿಲು ತಲೆಗೇರಿದೆ, ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಈ ಹೆಣ್ಣುಮಗಳು ನನ್ನ ಕಣ್ಣೆದುರೇ ಸಾಯುತ್ತಾಳೆ ಎಂದು ನನಗೆ ಗೊತ್ತಾಯಿತು. ತರಬೇತಿಯಲ್ಲಿ ಕಲಿಸಿದ್ದರು, ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಆಸ್ಪತ್ರೆ. ಹಿಂದಿನ ಬೈಕಿನವರಿಗೆ ಏನೂ ಗೊತ್ತಿರಲಿಲ್ಲ. ಬಿಡಬ್ಯಾಡ್ರಿ, ಇನ್ನೇನು ಬಂತು, ಓಡ್ರಿ ಓಡ್ರಿ ಎಂದು ಹುರಿದುಂಬಿಸುತ್ತಿದ್ದರು. ಆ ಕೂಗಿಗೆ ಆಕೆಯ ಕಾಲುಗಳು ತಾವಾಗಿಯೇ ಎದ್ದು ಎದ್ದು ಬೀಳುತ್ತಿದ್ದವು. ಕಣ್ಣಿನಲ್ಲಿ ಯಾರೂ ಇರಲಿಲ್ಲ.

ರಸ್ತೆ ಪಕ್ಕದಲ್ಲಿ ಸಣ್ಣ ಕಾಲುವೆ ಹರಿಯುತ್ತಿತ್ತು. ಕಾಲುವೆ ಬಂದ್ ಮಾಡುವ ಮುಂಚಿನ ಕೊನೆಯ ನೀರು, ಸೊಂಟದಷ್ಟು. ದಂಡೆಯ ಮೇಲೆ ಐದಾರು ಹೆಂಗಸರು ಭತ್ತ ಚೀಲಕ್ಕೆ ತುಂಬುತ್ತಿದ್ದರು. ನಾನು ಆಕೆಯ ಸೊಂಟಕ್ಕೆ ಕೈ ಹಾಕಿ ರಸ್ತೆಯಿಂದ ಎಳೆದೆ. ಆಕೆ ಕೊಸರಿಕೊಂಡಳು, ಕಾರು ಬೇಡ ಕಾರು ಬೇಡ ಎನ್ನುತ್ತ ನನ್ನ ಮುಖ ಪರಚಿದಳು. ಆಮೇಲೆ ಇದ್ದಕ್ಕಿದ್ದಂತೆ ಮೈ ಸಡಿಲಾಗಿ ನನ್ನ ಮೇಲೆ ಬಿದ್ದಳು.

ಹೆಂಗಸರು ಓಡಿ ಬಂದರು. ಅವರಲ್ಲಿ ಹಿರಿಯಾಕೆ ಮುಖ ನೋಡಿದ ಕೂಡಲೇ ಗುರುತಿಸಿದಳು. “ಯವ್ವಾ, ಇಕಿ ಟೀವಿಯಾಗಿನ ಸೊಸಿ ಅಲ್ಲೇನ?” ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಾಲು ಹಿಡಿದು ಎತ್ತಿದ್ದಳು. ನಾನು, ಹಿರಿಯಾಕೆ, ಇನ್ನೊಬ್ಬಾಕೆ ಮೂವರೂ ಆಕೆಯನ್ನು ಹೊತ್ತು ನೀರಿಗಿಳಿದೆವು. ಆಕೆಯನ್ನು ಕುತ್ತಿಗೆಯವರೆಗೆ ಮುಳುಗಿಸಿ, ತಲೆಯನ್ನು ಹಿರಿಯಾಕೆಯ ತೋಳಿನ ಮೇಲಿಟ್ಟು, ನೆತ್ತಿಗೆ ನೀರು ಹೊಯ್ಯತೊಡಗಿದೆವು.

ಆಮೇಲೆ ಬಂದದ್ದು ಜನ. ಬೈಕು ಬಿಟ್ಟು ಒಬ್ಬರ ಮೇಲೊಬ್ಬರು ದಂಡೆಗೆ ನುಗ್ಗಿದರು. ಏನಾಯಿತು, ಯಾರು ನೂಕಿದರು, ಸತ್ತಳೇನು. ಅರ್ಧ ಜನರ ಕೈಯಲ್ಲಿ ಮೊಬೈಲು ಮೇಲಿತ್ತು. ಜಾರಿ ನಾಲ್ಕು ಜನ ಒಟ್ಟಿಗೆ ನೀರಿಗೆ ಬಿದ್ದಿದ್ದರೆ ನಾವೆಲ್ಲ ಅಡಿಯಲ್ಲೇ ಹೋಗುತ್ತಿದ್ದೆವು. ಈಕೆ ನಮ್ಮ ನಟಿಯನ್ನು ನೀರಿಗೆ ಹಾಕಿದ್ದಾಳೆ ಎಂದು ಯಾರೋ ನನ್ನ ಕಡೆ ಬೆರಳು ಮಾಡಿ ಕೂಗಿದ. ಅದೇ ಮನುಷ್ಯ ಹಿಂದಿನ ದಿನ ಕಾರಿನ ವೀಡಿಯೊ ಮಾಡಿದ್ದನೋ ಏನೋ, ಹೇಳಲಾರೆ. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಆಕೆಯ ಉಸಿರು ನನ್ನ ಅಂಗೈಗೆ ತಾಗುತ್ತದೋ ಇಲ್ಲವೋ ಎಂದು ಮೂಗಿನ ಬಳಿ ಕೈ ಹಿಡಿದು ಹಿಡಿದು ನೋಡುತ್ತಿದ್ದೆ.

ದಂಡೆಯ ಮೇಲಿದ್ದ ಹೆಂಗಸರು ಭತ್ತ ಒಣಹಾಕಿದ್ದ ತಾಡಪತ್ರಿ ಹಾಳೆಯನ್ನು ಕೊಡವಿ ಎತ್ತಿ ಗೋಡೆಯ ಹಾಗೆ ಹಿಡಿದು ನಿಂತರು. ಒಬ್ಬಾಕೆ ಹುಲ್ಲು ಎಳೆಯುವ ದಂತಾಳವನ್ನು ಅಡ್ಡ ಹಿಡಿದಳು. “ಯಾವನರ ಮುಂದ ಬಂದ್ರ ನೋಡ್ರಿ ಮತ್ತ. ನಿಮ್ಮನ್ಯಾಗ ಅಕ್ಕ ತಂಗಿ ಇಲ್ಲೇನು?” ಎಂದಳು. ದನಿ ಏರಿಸಲಿಲ್ಲ. ಮುಂದಿನ ಸಾಲು ನಿಂತಿತು. ಕೆಲವರು ಮೊಬೈಲು ಇಳಿಸಿದರು. ನಾಲ್ಕೈದು ಜನ ತಿರುಗಿ ಓಡಿ, ಬೈಕುಗಳನ್ನು ಎತ್ತಿ ಬದಿಗಿಟ್ಟು, ಆಂಬುಲೆನ್ಸಿಗೆ ದಾರಿ ಮಾಡಲು ಹೋದರು ಎಂದು ಆಮೇಲೆ ತಿಳಿಯಿತು.

ಅದು ಬರುವಷ್ಟರಲ್ಲಿ ಆಕೆ ಕಣ್ಣು ತೆರೆದಳು. ತಲೆ ಹಿಡಿದಿದ್ದ ಹಿರಿಯಾಕೆಯನ್ನು ದಿಟ್ಟಿಸಿ ನೋಡಿ ಅಮ್ಮಾ ಎಂದಳು. ಹಿರಿಯಾಕೆ, ಹೂಂ ಮಗಳ, ಇಲ್ಲೇ ಅದೀನಿ ಎಂದಳು. ನನಗೆ ಆಗ ಅಳು ಬಂತು.

ಸಿಂಧನೂರಿನ ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಒಯ್ದ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತಿದ್ದೆ. ಮೊಬೈಲು ಬಡಿಯಿತು. ಅತ್ತೆಯವರು. ಆಕೆ ಸತ್ತಳೆಂದು ಓಣಿಯಲ್ಲಿ ಹಬ್ಬಿತ್ತಂತೆ. ಅವರು ಬಿಕ್ಕುತ್ತಿದ್ದರು. ಸತ್ತಿಲ್ಲ, ಉಸಿರಾಡುತ್ತಿದ್ದಾಳೆ ಎಂದು ಮೂರು ನಾಲ್ಕು ಸಲ ಹೇಳಬೇಕಾಯಿತು. ಅಷ್ಟರಲ್ಲಿ ಗೇಟಿನ ಹೊರಗೆ ಗುಂಪು ಕೂಡಿ ಗದ್ದಲ ಎದ್ದಿತ್ತು. ಮುಖ ತೋರಿಸಿ, ಇಲ್ಲದಿದ್ದರೆ ಒಳಗೆ ಬರುತ್ತೇವೆ ಎಂದು ಗೇಟು ಅಲುಗಾಡಿಸುತ್ತಿದ್ದರು. ಅವರಲ್ಲಿ ಅಳುವವರೂ ಇದ್ದರು. ನಾನು ಕಿಟಕಿಯಿಂದ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಡಾಕ್ಟರು ಹೊರಗೆ ಹೋಗಿ ಆಕೆ ಬದುಕಿದ್ದಾಳೆ, ಮಾತಾಡುತ್ತಿದ್ದಾಳೆ ಎಂದು ಹೇಳಿದ ಮೇಲೆ ಗದ್ದಲ ಇಳಿಯಿತು. ನನಗೂ, ನೀರಿಗಿಳಿಸಿದ್ದು ಒಳ್ಳೆಯದಾಯಿತು ಎಂದರು.

ನಾಲ್ಕು ದಿನ ಬಿಟ್ಟು ಆಕೆ ಬೆಂಗಳೂರಿಗೆ ಹೋದಳು. ಓಟ ಅಲ್ಲಿಗೇ ಮುಗಿಯಿತು. ದುಡ್ಡು ಮಾತ್ರ ಆಕೆ ಬಿದ್ದ ಮೇಲೆಯೇ ಹೆಚ್ಚು ಬಂತು, ವಾರ್ಡೂ ಆಯಿತು. ಸಣ್ಣದು, ಕಿಟಕಿಗೆ ನೀಲಿ ಪರದೆ ಹಾಕಿದ್ದಾರೆ. ಒಮ್ಮೆ ಲಿಂಗಸುಗೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ಗಂಡಸರು, ದುಡ್ಡು ಬರಲಿ ಎಂದೇ ಆಕೆ ಬಿದ್ದಂತೆ ಮಾಡಿದಳು ಎಂದು ಮಾತಾಡಿಕೊಳ್ಳುತ್ತಿದ್ದರು. ತಿರುಗಿ ಹೇಳಬೇಕೆಂದುಕೊಂಡೆ. ಆದರೆ ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ.

ಆ ವರ್ಷದ ಮಳೆಗಾಲದಲ್ಲಿ ಆಕೆ ಫೋನು ಮಾಡಿದ್ದಳು. ಪೆಂಡಾಲಿನ ಕೋಲಾಟದ ಆಚೆ ಆಕೆಗೆ ಏನೂ ನೆನಪಿಲ್ಲ. ನಡೆದದ್ದನ್ನೆಲ್ಲ ನನ್ನಿಂದ ಹೇಳಿಸಿಕೊಂಡಳು, ಮುಖ ಪರಚಿದ್ದನ್ನು ಬಿಟ್ಟು ಎಲ್ಲ ಹೇಳಿದೆ. ಆ ಹೆಂಗಸರನ್ನು ಹುಡುಕಿ ಕೊಡುತ್ತೀರಾ, ಅವರ ಜೊತೆ ಮಾತಾಡಬೇಕು ಎಂದಳು.

ಮರುದಿನ ಸ್ಕೂಟಿ ತೆಗೆದುಕೊಂಡು ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು, ಗದ್ದೆಯಲ್ಲಿ ನಾಟಿ ನಡೆದಿತ್ತು. ಆ ಹೆಂಗಸರು ಕೂಲಿಗೆ ಬಂದವರು, ಸುಗ್ಗಿ ಮುಗಿಸಿ ಹೋಗಿದ್ದರು. ಯಾವ ಊರಿನವರೆಂದು ಅಲ್ಲಿದ್ದವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾಟಿ ಮಾಡುತ್ತಿದ್ದ ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿಕೊಂಡು, ನಾನು ಯಾರೆಂದು ತಿಳಿಯದೆ, ಈ ಕಾಲುವೆಯಲ್ಲಿಯೇ ಒಬ್ಬ ಟೀಚರು ಟೀವಿಯ ಸೊಸೆಯನ್ನು ಸಿಟ್ಟಿಗೆ ನೂಕಿದ್ದಳೆಂದೂ, ಕೂಲಿಯ ಹೆಂಗಸರು ಜೀವ ಉಳಿಸಿದರೆಂದೂ ನನಗೇ ಹೇಳಿದಳು.

ಹೌದೇನವಾ ಎಂದೆ. ಹೌದ್ರೀ, ಎಲ್ಲಾರೂ ನೋಡ್ಯಾರ ಎಂದಳು. ಅವರು ಮುಂದಿನ ಸುಗ್ಗಿಗೆ ಬಂದರೆ ಫೋನು ಮಾಡು ಎಂದು ನನ್ನ ನಂಬರು ಕೊಟ್ಟು ಬಂದೆ.