ಬಾನಿಗೆ ಸುರಿದ ಗಂಜಿ

ನನ್ನ ಬಾಯಿಯ ಎಡಮೂಲೆಗೆ ಈಗ ಏನೂ ಗೊತ್ತಾಗುವುದಿಲ್ಲ. ಕೆನ್ನೆಯೊಳಗಿದ್ದ ಕ್ಯಾನ್ಸರ್ ಗಡ್ಡೆಯನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಕುಯ್ದು ತೆಗೆದ ಮೇಲೆ ಅಲ್ಲಿ ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಗಂಜಿ ಕುಡಿದರೆ ಆ ಮೂಲೆಯಿಂದ ಗದ್ದಕ್ಕೆ ಇಳಿಯುತ್ತದೆ. ಇಳಿದದ್ದು ಎದುರಿಗೆ ಕೂತವರಿಗೆ ಕಾಣುತ್ತದೆಯೇ ಹೊರತು ನನಗೆ ತಿಳಿಯುವುದಿಲ್ಲ.

ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಅಮ್ಮಸಂದ್ರದ ನೆಂಟರು ನೋಡಲು ಬಂದಿದ್ದರು. ಜಗಲಿಯ ಮೇಲೆ ಗಂಜಿ ಬಟ್ಟಲು ಹಿಡಿದು, ಈ ಸಲದ ಕೊಬ್ಬರಿಯ ಬಗ್ಗೆ ಭಾರಿ ಮಾತಾಡುತ್ತಿದ್ದೆ. ಅವರ ಕಣ್ಣು ನನ್ನ ಗದ್ದದ ಮೇಲೆ ನಿಂತಿತು, ತಕ್ಷಣ ಅಟ್ಟದ ಕಡೆಗೆ ಹೋಯಿತು. ನಮ್ಮ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ಕಾಯಿ ಬಿಟ್ಟರೆ ನೋಡುವಂಥದ್ದು ಏನಿದೆ? ಅವರು ಹೋದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡೆ. ಅಂಗಿಯ ಎರಡನೇ ಗುಂಡಿಯವರೆಗೂ ರಾಗಿ ಇಳಿದು ಒಣಗಿತ್ತು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ನಾನೇನು ಸಾಮಾನ್ಯದವನೇ? ಸುತ್ತಲ ಊರುಗಳಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಊಟದ ಪಂಕ್ತಿ ನೋಡಿಕೊಳ್ಳುವುದು ನನ್ನ ಪಾಲಿಗೆ. ಹೆಗಲಿಗೆ ಟವೆಲ್ ಹಾಕಿಕೊಂಡು, "ಲೇ, ಇತ್ಲಾಗೊಂದ್ ಒಬ್ಬಟ್ಟು ತತ್ತಾರ್ಲಾ" ಎಂದು ಕೂಗುತ್ತಾ ಓಡಾಡುತ್ತಿದ್ದೆ. ಯಾರ ಎಲೆಗೆ ತುಪ್ಪ ಬಿದ್ದಿಲ್ಲ ಎಂದು ಆ ತುದಿಯಿಂದಲೇ ಹೇಳುತ್ತಿದ್ದೆ. ಸೊರಸೊರ ಸದ್ದು ಮಾಡಿಕೊಂಡು, ಮೀಸೆಗೆಲ್ಲ ಪಾಯಸ ಮೆತ್ತಿಕೊಂಡು ಉಣ್ಣುವ ಮುದುಕರನ್ನು ಗೇಲಿ ಮಾಡಿ ನಗಿಸುತ್ತಲೂ ಇದ್ದೆ. ಬಾಯಲ್ಲಿ ಸದಾ ಎಲೆಯಡಿಕೆ, ಹೊಗೆಸೊಪ್ಪು. ಅದರ ಫಲವೇ ಇದು ಎಂದು ಯಾರೂ ಎದುರಿಗೆ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಅವತ್ತಿನಿಂದ ಯಾರ ಮುಂದೆಯೂ ಬಾಯಿ ತೆರೆಯಬಾರದು ಎಂದುಕೊಂಡೆ. ಆದರೆ ನಮ್ಮ ಕಡೆ ಕಾಯಿಲೆ ಬಿದ್ದವನ ಮನೆ ಖಾಲಿ ಇರುವುದುಂಟೇ? ದಿನಾ ಯಾರಾದರೊಬ್ಬರು ಬರುವವರೇ, ಬಂದವರೆಲ್ಲ ಮೂಸಂಬಿ ತರುವವರೇ. ಹುಣ್ಣಾದ ಬಾಯಿಗೆ ಆ ಹುಳಿ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ ಎಂದು ಯಾರಿಗೆ ಹೇಳುವುದು? ಪ್ರೀತಿಯಿಂದ ಬರುತ್ತಿದ್ದರು, ಕೂತರೆ ಏಳುತ್ತಿರಲಿಲ್ಲ. "ನಿಮ್ದು ಊಟ ಆಯ್ತಾ?" ಎಂದರೆ, "ಓ, ಆಗ್ಲೇ ಆಯ್ತು ಕಣಪ್ಪ" ಎನ್ನುತ್ತಿದ್ದೆ. ಹೆಂಡತಿ ಗಂಜಿ ತಂದರೆ, "ಆಮೇಲೆ ಕುಡೀತೀನಿ, ಇಡು" ಎನ್ನುತ್ತಿದ್ದೆ.

ಅದು ಬರೀ ಗಂಜಿಯಲ್ಲ. ಹುರಿದ ರಾಗಿಹಿಟ್ಟು, ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಹೆಸರುಬೇಳೆ ಎಲ್ಲ ನುಣ್ಣಗೆ ಬೇಯಿಸಿ ಬಟ್ಟೆಯಲ್ಲಿ ಸೋಸಿ, ಅದಕ್ಕೆ ತೆಂಗಿನಕಾಯಿಯ ಮೊದಲ ಹಾಲು ಹಿಂಡುತ್ತಿದ್ದಳು. ಡಾಕ್ಟರು ಹೇಳಿದ್ದಕ್ಕೆ ಮೊಟ್ಟೆಯ ಬಿಳಿಯನ್ನೂ ಕದಡುತ್ತಿದ್ದಳು. ನೆಂಟರು ಎದ್ದುಹೋಗುವ ಹೊತ್ತಿಗೆ ಗಂಜಿ ಗಟ್ಟಿಯಾಗಿ ಕೆನೆ ಕಟ್ಟಿರುತ್ತಿತ್ತು. ನನಗೂ ಹಸಿವು ಸತ್ತು ಬೇಸರ ಬಂದಿರುತ್ತಿತ್ತು. ಅವಳು ಸಂಜೆ ಡೇರಿಗೆ ಹಾಲು ಹಾಕಲು ಹೋದಾಗ, ಹಿಂಬಾಗಿಲಿನಿಂದ ಕೊಟ್ಟಿಗೆಗೆ ಹೋಗಿ ಹಸುವಿನ ಕಲಗಚ್ಚಿನ ಬಾನಿಗೆ ಸುರಿದುಬಿಡುತ್ತಿದ್ದೆ.

ತೂಕ ಇಳಿಯಿತು. "ಹೀಗೇ ಇಳೀತಾ ಹೋದ್ರೆ ಕರೆಂಟ್ ತಡೆಯೋ ಶಕ್ತಿ ಇರಲ್ಲ, ಮೂಗಿಗೆ ನಳಿಗೆ ಹಾಕಿ ಊಟ ಕೊಡ್ಬೇಕಾಗುತ್ತೆ" ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಕೊಡುವ ರೇಡಿಯೇಷನ್ನಿಗೆ ನಮ್ಮಲ್ಲಿ ಕರೆಂಟ್ ಅಂತಲೇ ಹೆಸರು. ಅದು ನಿಂತರೆ ಬದುಕುವ ಆಸೆಯೂ ನಿಂತ ಹಾಗೆ. ಅಷ್ಟು ಗೊತ್ತಿದ್ದೂ ಮಾರನೇ ದಿನ ಹಾಲ್ಕುರಿಕೆಯಿಂದ ಯಾರೋ ಬಂದರು, ನಾನು ಮತ್ತೆ "ಆಮೇಲೆ" ಎಂದೆ.

ಅವತ್ತು ಅವಳು ಡೇರಿಯಿಂದ ಬೇಗ ಬಂದಳು. ಬಾನಿಯಿಂದ ತಲೆ ಎತ್ತಿದ ಹಸುವಿನ ಮೂತಿಯ ತುಂಬಾ ಗಂಜಿ.

"ಓಹೋ, ಇದ್ರ ಮೈ ಯಾಕ್ ಹಿಂಗ್ ಮಿಂಚ್ತೈತೆ ಅಂತ ಈಗ್ ಗೊತ್ತಾಯ್ತು" ಎಂದಳು. ಆಮೇಲೆ ದನಿ ಏರಿತು. "ಮೊಟ್ಟೆ ಹಾಕಿದ್ ಗಂಜಿನ ಹಸೀಗೆ ಕುಡುಸ್ದ್ರಲ್ರೀ! ಉಣ್ಣಾಕೆ ನಾಚ್ಕೆ, ಇದುಕ್ಕೆ ನಾಚ್ಕೆ ಆಗ್ನಿಲ್ವಾ? ಮೂಗ್ನಾಗೆ ನಳ್ಗೆ ಇಕ್ಕಸ್ಕಂಡು ಕುಂತ್ರೆ ಆಗೇನು ಜನ ನೋಡಾಕಿಲ್ವಾ?"

ಖಾಲಿ ಬಟ್ಟಲು ನನ್ನ ಕೈಯಲ್ಲೇ ಇತ್ತು. ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ನಿಂತಿದ್ದೆ.

ಆ ವಾರವೇ ಹಂದನಕೆರೆಯಿಂದ ಬೀಗರು, ಅಂದರೆ ಮಗಳ ಮಾವ, ಬರುತ್ತೇವೆಂದು ಹೇಳಿ ಕಳಿಸಿದರು. ತೋಟಕ್ಕೆ ಹೋಗಿ ಕೂತುಬಿಡೋಣ ಎಂದುಕೊಂಡೆ. "ಎಲ್ಲೂ ಹೋಗಂಗಿಲ್ಲ. ಎಲ್ರಿಗೂ ಕಾಯಿಹಾಲು ಶಾವಿಗೆ. ನೀವೂ ಅವರ ಜೊತೆಗೇ ಕೂರ್ಬೇಕು" ಎಂದಳು ಹೆಂಡತಿ.

ಶಾವಿಗೆ ಒತ್ತುವುದು ನಮ್ಮ ಮನೆಯಲ್ಲಿ ಯಾವತ್ತೂ ನನ್ನ ಕೆಲಸ. ಬೆಂದ ಹಿಟ್ಟಿನ ಉಂಡೆಯನ್ನು ಮರದ ಒರಳಿಗೆ ಹಾಕಿ, ಅದರ ಸನ್ನೆಕೋಲಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟರೆ ಕೆಳಗೆ ಎಳೆ ಇಳಿಯುತ್ತದೆ. ಬೀಗರು ಬಂದ ದಿನವೂ ರೂಢಿಯ ಮೇಲೆ ಹೋಗಿ ಒರಗಿದೆ. ಸನ್ನೆ ಇಳಿಯಲಿಲ್ಲ, ನನ್ನ ಕಾಲೇ ನೆಲ ಬಿಟ್ಟು ಮೇಲೆದ್ದವು. ಬೀಗರು ನೋಡುತ್ತಿದ್ದರು. ಎದ್ದು ಬಂದು ನನ್ನ ಕೈಯ ಪಕ್ಕದಲ್ಲೇ ತಮ್ಮ ಎರಡೂ ಕೈ ಇಟ್ಟು, "ನೀವೂ ಕೈ ತೆಗೀಬ್ಯಾಡಿ ಬೀಗ್ರೇ, ಇಬ್ರೂ ಒತ್ತಾನ" ಎಂದರು. ಭಾರವೆಲ್ಲ ಅವರದೇ ಎಂದು ಅಡಿಗೆಮನೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಊಟಕ್ಕೆ ಕೂತೆವು. ನನ್ನ ಬಟ್ಟಲಿನ ಶಾವಿಗೆಯನ್ನು ಅವಳು ಕಿವುಚಿ ಹಾಲಿನಲ್ಲೇ ನೆನೆಸಿಟ್ಟಿದ್ದಳು. ಮೊದಲ ಗುಟುಕಿಗೇ ಕಿವಿ ಬಿಸಿಯಾದವು, ತಲೆ ಎತ್ತಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬೀಗರು, "ಬೀಗ್ರೇ, ಗದ್ದ" ಎಂದು ತಮ್ಮ ಗದ್ದ ಮುಟ್ಟಿ ತೋರಿಸಿದರು. ಅವರ ಗದ್ದದ ಮೇಲೂ ಕಾಯಿಹಾಲು ಇಳಿದಿತ್ತು. ಮೊಣಕೈವರೆಗೂ ಸುರಿಯುತ್ತಿತ್ತು. ನಾನು ಒರೆಸಿಕೊಂಡೆ. ಅವರು ಅಟ್ಟ ನೋಡಲಿಲ್ಲ, "ಇನ್ನೊಂದ್ ಸೌಟು ಬುಡಮ್ಮ" ಎಂದು ತಟ್ಟೆ ಮುಂದೆ ತಳ್ಳಿದರು. ನಾನೂ ಬಟ್ಟಲು ಮುಂದೆ ಮಾಡಿದೆ.

ಕೈ ತೊಳೆದು, ಬಟ್ಟಲು ಇಡಲೆಂದು ಅಡಿಗೆಮನೆಗೆ ಹೋದೆ. ಹೆಂಡತಿ ಆಗ ತಾನೇ ಉಣ್ಣಲು ಕೂತಿದ್ದಳು. ತಲೆ ಬಗ್ಗಿಸಿಕೊಂಡು, ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದನ್ನು ಬಾಯಿಗೆ ಇಡುತ್ತಿದ್ದಳು. ಅವಳು ಹಾಗೆ ಉಂಡದ್ದನ್ನು ನಾನು ಕಂಡಿರಲೇ ಇಲ್ಲ. ಬಳೆಗಳು ಮೊಣಕೈ ತನಕ ಜಾರಿದ್ದವು. ರವಿಕೆಯನ್ನು ಎರಡೂ ಕಡೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದಳು. ನನ್ನನ್ನು ಕಂಡವಳೇ ಗೋಡೆಯ ಕಡೆಗೆ ತಿರುಗಿದಳು.

"ಹೋಗ್ರೀ ಅತ್ಲಾಗೆ. ಉಣ್ಣೋರನ್ನ ಹಂಗಾ ನೋಡೋದು?"

ಮದುವೆಯಾದಾಗಿನಿಂದ ನಾನು ಉಂಡ ಮೇಲೆಯೇ ಅವಳ ಊಟ. ಅದು ನನಗೆ ಗೊತ್ತಿಲ್ಲದ್ದೇನಲ್ಲ. "ಆಮೇಲೆ ಕುಡೀತೀನಿ, ಇಡು" ಎಂದು ನಾನು ಅಂದಾಗಲೆಲ್ಲ ಅವಳೂ ತನ್ನ ಮುದ್ದೆ ಮುಚ್ಚಿಟ್ಟು ಕಾದಿದ್ದಳು, ಹೊಟ್ಟೆ ಬರಿದಾಗಿಯೇ ಡೇರಿಗೆ ನಡೆದಿದ್ದಳು. ಕೊಟ್ಟಿಗೆಯಲ್ಲಿ ಅಷ್ಟು ಬೈದವಳು ಈ ಒಂದು ಮಾತು ಎತ್ತಲಿಲ್ಲ. ಅವಳು ಉಂಡಳೋ ಇಲ್ಲವೋ ಎಂದು ನಾನೂ ಕೇಳಲಿಲ್ಲ. ಊರಿನ ಎಲೆಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ನಾನು! ಅಂಗಿಯ ಮೇಲೆ ರಾಗಿ ಕಂಡ ದಿನದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಈಗ ಕರೆಂಟಿಗೆ ಹೋಗಿ ಬರುತ್ತಿದ್ದೇನೆ. ನೀನು ಮೊದಲು ಉಣ್ಣು ಎಂದರೆ ಅವಳು ಕೇಳುವುದಿಲ್ಲ. ಅದಕ್ಕೇ ಗಂಜಿ ಬಂದ ಕೂಡಲೇ, ಜಗಲಿಯ ಮೇಲೆ ಯಾರೇ ಕೂತಿರಲಿ, ಗದ್ದ ಒರೆಸಿಕೊಳ್ಳಲೂ ನಿಲ್ಲದೆ ಕುಡಿದು ಬಟ್ಟಲನ್ನು ಒಳಕ್ಕೆ ಕೊಡುತ್ತೇನೆ. ಒಳಗೆ ಅವಳ ತಟ್ಟೆಯ ಸದ್ದು ಕೇಳಿದ ಮೇಲೆ ಟವೆಲ್ ತೆಗೆದುಕೊಳ್ಳುತ್ತೇನೆ.