ಡಿಕ್ಕಿ ಚಿಕ್ಕಮ್ಮ

ಕಂಪ್ಯೂಟರಿನಲ್ಲಿ ಓಡಿಸುವ ಕಾರ್ ರೇಸಿಗೆ ಆತ ಮೊದಲ ಸಲ ಇಳಿದ ದಿನ, ಟ್ರ್ಯಾಕಿನ ಪಕ್ಕ ಯಾರೋ ತನ್ನತ್ತ ನೀಲಿ ಬಾವುಟ ಬೀಸುವುದು ಕಂಡಿತು. ಮೊದಲ ದಿನವೇ ಇಷ್ಟು ಮರ್ಯಾದೆಯೇ ಎಂದು ಅವನ ಎದೆ ಉಬ್ಬಿತು. ಮೂರು ಸುತ್ತು ಹೋದರೂ ಬಾವುಟ ನಿಲ್ಲಲಿಲ್ಲ. ಸಾಲದ್ದಕ್ಕೆ ಹಿಂದಿನ ಕಾರುಗಳೂ ದೀಪ ಮಿನುಗಿಸುತ್ತಿದ್ದವು. ಸೌಜನ್ಯದಲ್ಲಿ ಅವನೇನು ಕಡಿಮೆಯೇ? ತಾನೂ ದೀಪ ಮಿನುಗಿಸಿದ. ತನ್ನ ಮುಂದಿನ ದೀಪ ಹಿಂದಿನವರಿಗೆ ಕಾಣುವುದಿಲ್ಲ ಎಂಬುದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ.

"ಚಿಕ್ಕಮ್ಮಾ, ಬಾರೇ ಇಲ್ಲಿ! ನನಗೆ ಬಾವುಟ ಬೀಸ್ತಿದಾರೆ!"

ಅದೇ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಚಿಕ್ಕಮ್ಮ ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು ಕೇಳಿದಳು: "ಎಲ್ಲರಿಗೂ ಬೀಸ್ತಾರೋ, ನಿನಗೊಬ್ಬನಿಗೋ?"

"ನನಗೊಬ್ಬನಿಗೇ!"

"ಹಾಗಾದ್ರೆ ಏನೋ ಎಡವಟ್ಟು ಮಾಡ್ತಿದೀಯ."

ಅನುಮಾನ ಹುಟ್ಟಿದರೆ ಅದರ ಬುಡ ಕಾಣುವವರೆಗೆ ಚಿಕ್ಕಮ್ಮನಿಗೆ ಸಮಾಧಾನವಿಲ್ಲ. ಅವನು ಒಂದು ಸಾಲೂ ಓದದ ಮೂವತ್ತು ಪುಟದ ನಿಯಮಾವಳಿಯನ್ನು ಕಾಜಾ ಹೊಲಿಯುತ್ತಲೇ ಓದಿ ಮುಗಿಸಿ, ಎಲ್ಲರಿಗೂ ಕೇಳಿಸುವಂತೆ ಸಾರಿದಳು: "ನಿನಗಿಂತ ಒಂದು ಸುತ್ತು ಮುಂದಿರೋರು ಹಿಂದೆ ಬಂದಿದಾರೆ, ದಾರಿ ಬಿಡೋ ಅಂತ ಅರ್ಥ ಕಣೋ ಅದು!" ಅವನ ಮೈಕು ಆನ್ ಇತ್ತು. ಉಳಿದ ಹತ್ತೊಂಬತ್ತು ಮನೆಗಳಲ್ಲಿ ಕೂತು ಓಡಿಸುತ್ತಿದ್ದ ಹತ್ತೊಂಬತ್ತು ಜನರೂ ಬಿದ್ದು ಬಿದ್ದು ನಕ್ಕರು.

ಚಿಕ್ಕಮ್ಮ ಇಪ್ಪತ್ತಾರು ವರ್ಷದಿಂದ ಹಳೆ ಬಟ್ಟೆ ಬಿಗಿ ಮಾಡುವ, ಸಡಿಲಿಸುವ ಕೆಲಸದವಳು. ಕಾರಿನ ಸ್ಟೇರಿಂಗು ಮುಟ್ಟಿದವಳಲ್ಲ. ಬದುಕಿನಲ್ಲಿ ಅವಳು ತುಳಿದ ಪೆಡಲು ಹೊಲಿಗೆ ಯಂತ್ರದ್ದೊಂದೇ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಗೆ ಅಕ್ಕನ ಮಗನಾದ ಇವನು ತನ್ನ ಆಟದ ಸ್ಟೇರಿಂಗು ಬಿಗಿದುಕೊಂಡಿದ್ದ. ಅವನು ಬ್ರೇಕು ಒತ್ತಿದಾಗಲೆಲ್ಲ ಇವಳ ಗುರುತಿನ ಸೀಮೆಸುಣ್ಣ ಉರುಳಿ ಕೆಳಗೆ ಬೀಳುತ್ತಿತ್ತು. "ಸ್ವಲ್ಪ ಮೊದಲೇ ಬ್ರೇಕ್ ಒತ್ತೋ, ನನ್ನ ಸುಣ್ಣನಾದ್ರೂ ಉಳಿಯತ್ತೆ" ಎನ್ನುವಳು.

ಹೀಗೆ ಮನೆಮನೆಯಿಂದ ಓಡಿಸುವ ಆ ಇಪ್ಪತ್ತು ಜನರ ಬಳಗದಲ್ಲಿ ಭಾನುವಾರ ಮಧ್ಯಾಹ್ನ ರೇಸು, ಮಂಗಳವಾರದವರೆಗೆ ಜಗಳ. ಡಿಕ್ಕಿಯಾದರೆ ತಪ್ಪು ಯಾರದೆಂದು ಹೇಳುವವರೂ ಓಡಿಸುವವರೇ ಆಗಿದ್ದರಿಂದ, ಒಬ್ಬರ ತೀರ್ಪು ಇನ್ನೊಬ್ಬರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಳಗ ನಡೆಸುವಾತ ಔಷಧಿ ಅಂಗಡಿಯವನು. ತಲೆನೋವಿನ ಮಾತ್ರೆ ತಾನೇ ನುಂಗಿ ನುಂಗಿ ಸಾಕಾಗಿ ಒಂದು ದಿನ ಮೈಕಿನಲ್ಲಿ ಕೇಳಿಬರುವ ಚಿಕ್ಕಮ್ಮನ ದನಿಗೇ ಶರಣಾದ.

"ಅಮ್ಮಾ, ನೀವೇ ನೋಡ್ಬಿಡಿ. ನಿಮಗೆ ಕಾರೂ ಇಲ್ಲ, ಇಲ್ಲಿ ಸ್ನೇಹಿತರೂ ಇಲ್ಲ."

"ಅಕ್ಕನ ಮಗ ಇದಾನಲ್ಲಪ್ಪ."

"ಅವನನ್ನ ನೀವು ಬಯ್ಯೋದು ಪ್ರತಿ ವಾರ ಕೇಳ್ತಿದೀವಿ. ಪಕ್ಷಪಾತದ ಭಯ ನಮಗಿಲ್ಲ."

ಹೀಗೆ ಅವಳು ಡಿಕ್ಕಿ ಚಿಕ್ಕಮ್ಮನಾದಳು. ಡಿಕ್ಕಿಯ ವಿಡಿಯೋವನ್ನು ಸದ್ದು ಅಡಗಿಸಿ ಮೂರು ಸಲ ನೋಡುವಳು: ಮೇಲಿನಿಂದ, ಗುದ್ದಿದವನ ಸೀಟಿನಿಂದ, ಗುದ್ದಿಸಿಕೊಂಡವನ ಸೀಟಿನಿಂದ. ಅವಳ ಪ್ರಶ್ನೆ ಒಂದೇ: ತಿರುವಿಗೆ ಮುಂಚೆ ನಿನ್ನ ಮುಂದಿನ ಚಕ್ರ ಅವನ ಬಾಗಿಲಿನ ತನಕ ಬಂದಿತ್ತೋ ಇಲ್ಲವೋ? ಬಂದಿದ್ದರೆ ಅವನು ಜಾಗ ಬಿಡಬೇಕು, ಇಲ್ಲದಿದ್ದರೆ ನೀನು ಹಿಂದೆ ಸರಿಯಬೇಕು. ಗುದ್ದಿ ಮುಂದೆ ಹೋದವನು ನಿಂತು, ಕಾದು, ಜಾಗ ವಾಪಸ್ ಕೊಡಬೇಕು. ಕಾಲು ಅಂಗುಲದ ವ್ಯತ್ಯಾಸ ಬರಿಗಣ್ಣಿಗೇ ಹಿಡಿಯುವ ಹೆಂಗಸು. ಅವಳ ಮುಂದೆ ವಾದ ನಡೆಯುತ್ತಿರಲಿಲ್ಲ. "ಅವನೇ ನನ್ನ ಮೇಲೆ ಬಂದ" ಎಂದು ಯಾರಾದರೂ ರಾಗ ಎಳೆದರೆ, "ನನ್ನ ಗಿರಾಕಿಗಳೂ ಹಾಗೇ ಅನ್ನೋದು, ಬಟ್ಟೆನೇ ಕುಗ್ಗಿತು ಅಂತ" ಎನ್ನುವಳು.

ಆ ವರ್ಷದ ಕೊನೆಯ ರೇಸು. ಗೆದ್ದರೆ ವರ್ಷದ ಕಪ್ ಅಕ್ಕನ ಮಗನದು; ಚಿಕ್ಕಮ್ಮನಿಂದ ಬೈಸಿಕೊಂಡೇ ಅಷ್ಟರಮಟ್ಟಿಗೆ ಕಲಿತಿದ್ದ. ಹುಟ್ಟಿದಂದಿನಿಂದ ಲಾಟರಿ ಇರಲಿ, ಮ್ಯೂಸಿಕಲ್ ಚೇರನ್ನೂ ಗೆದ್ದವನಲ್ಲ. ಕೊನೆಯ ಸುತ್ತು, ಕೊನೆಯ ತಿರುವು. ಮುಂದೆ ಬಳಗದ ಇನ್ನೊಬ್ಬ, ಒಬ್ಬ ಪೋಸ್ಟ್‌ಮ್ಯಾನ್; ಹಿಂದೆಯೇ ಇವನು. ಡಿಕ್ಕಿಯಾಯಿತು. ಪೋಸ್ಟ್‌ಮ್ಯಾನ್ ಗಿರ್ರನೆ ತಿರುಗಿ ಟ್ರ್ಯಾಕಿನ ಪಕ್ಕದ ಜಲ್ಲಿಗೆ ಬಿದ್ದ. ಇವನು ಮೊದಲಿಗನಾಗಿ ಗೆರೆ ದಾಟಿದ. ತೀರ್ಪು ಸೋಮವಾರ ಸಂಜೆಗೆಂದು ಗೊತ್ತಿದ್ದರೂ ಬಾಯಿ ಕಟ್ಟಲಾರದೆ, ಬೆಳಿಗ್ಗೆಯೇ ಆಫೀಸಿಗೆಲ್ಲ ಡಂಗುರ ಸಾರಿದ. ಮಧ್ಯಾಹ್ನದ ಹೊತ್ತಿಗೆ ನೋಟಿಸ್ ಬೋರ್ಡಿನ ಮೇಲೆ ಹಲ್ಲು ಕಿರಿದುಕೊಂಡ ಅವನ ಫೋಟೋ, ಕೆಳಗೆ 'ನಮ್ಮ ಚಾಂಪಿಯನ್'.

ಸಂಜೆ ಇಪ್ಪತ್ತೂ ಜನ ಆನ್‌ಲೈನ್ ಸೇರಿದರು. ಚಿಕ್ಕಮ್ಮ ಕನ್ನಡಕ ಏರಿಸಿದಳು.

"ಚಕ್ರ ಬಾಗಿಲಿನ ತನಕ ಬಂದಿತ್ತು. ಪಕ್ಕದಲ್ಲಿ ಜಾಗ ಕೇಳೋ ಹಕ್ಕು ಹುಡುಗನಿಗಿತ್ತು."

ಅವನ ಹೋದ ಜೀವ ವಾಪಸ್ ಬಂತು.

"ಆದ್ರೆ ಒಂದಿದೆ. ಡಿಕ್ಕಿಗೆ ಅರ್ಧ ಸೆಕೆಂಡ್ ಮೊದಲೇ ಇವನ ಕಡೆಯಿಂದ 'ಸಾರಿ' ಬಂದಿದೆ."

ವಿಷಯ ಇಷ್ಟೇ: ಓಡಿಸುತ್ತಾ ಟೈಪ್ ಮಾಡಲಾಗುವುದಿಲ್ಲವೆಂದು ಎಲ್ಲರೂ ಸ್ಟೇರಿಂಗಿನ ಒಂದು ಗುಂಡಿಗೆ ಸಿದ್ಧ 'ಸಾರಿ'ಯನ್ನು ಜೋಡಿಸಿಕೊಂಡಿರುತ್ತಾರೆ. ಒತ್ತಿದರೆ ಎಲ್ಲರ ಪರದೆಯ ಮೇಲೂ ಕ್ಷಮೆ, ಪಕ್ಕದಲ್ಲಿ ಸಮಯ. ಆ ಸಮಯವನ್ನು ಅಲ್ಲಿಯತನಕ ಯಾರೂ ಓದಿದವರಿಲ್ಲ.

"ಅಂದ್ರೆ ಗುದ್ದತ್ತೆ ಅಂತ ಗೊತ್ತಿತ್ತು. ಗೊತ್ತಿದ್ದವನು ಬ್ರೇಕು ಒತ್ತಬೇಕಿತ್ತು, ಗುಂಡಿ ಒತ್ತಿದಾನೆ."

"ಚಿಕ್ಕಮ್ಮಾ, ಅದು ಆಫೀಸಿನ ಚಾಳಿ ಕಣೇ!" ಅವನು ಗೋಗರೆದ. ಲಿಫ್ಟು ಕಂಪನಿಯಲ್ಲಿ ದೂರಿನ ಫೋನು ಎತ್ತುವುದು ಅವನ ನೌಕರಿ. "ಆ ಕಡೆಯವರು ಬಾಯಿ ಬಿಡೋಕೆ ಮುಂಚೆನೇ ಸಾರಿ ಅಂತೀನಿ. ದಿನಕ್ಕೆ ಇನ್ನೂರು ಸಲ!"

"ಅಲ್ಲಿ ಲಿಫ್ಟನ್ನ ನೀನು ಕೆಡಿಸಿರಲ್ಲ. ಇಲ್ಲಿ ಕೆಡಿಸಿದ್ದು ನೀನೇ."

ಪೋಸ್ಟ್‌ಮ್ಯಾನ್ ಕೆಮ್ಮಿದ. ಔಷಧಿ ಅಂಗಡಿಯವನು ನಗು ತಡೆಯಲಾರದೆ ಮೈಕು ಆರಿಸಿದ. ಗುದ್ದಿಸಿಕೊಂಡು ಕಳೆದುಕೊಂಡ ಮೊದಲ ಸ್ಥಾನ ಪೋಸ್ಟ್‌ಮ್ಯಾನಿಗೆ ವಾಪಸ್, ಕಪ್ ಕೂಡ ಅವನಿಗೇ; ಅಕ್ಕನ ಮಗನಿಗೆ ಕೊನೆಯ ಸ್ಥಾನ.

ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪಿನ ಹೊಲಿಗೆ ಬಿಚ್ಚುತ್ತಾ ಕೂತಳು. ಅವನು ಮುಖ ಊದಿಸಿಕೊಂಡು ಮೇಜಿನ ತುದಿಯಲ್ಲಿ. ನಾಳೆ ಆ ಫೋಟೋವನ್ನು ಯಾರೂ ಬರುವ ಮುಂಚೆ ಕೀಳುವುದು ಹೇಗೆಂದು ಯೋಚಿಸಿದ. ಕೊನೆಗೆ ತಡೆಯಲಾಗಲಿಲ್ಲ.

"ಹೋಗ್ಲಿ ಬಿಡು. ನಿಜ ಹೇಳು ಚಿಕ್ಕಮ್ಮ, ಗುದ್ದದೇ ಇದ್ದಿದ್ರೆ ನಾನು ಗೆಲ್ತಿದ್ನಾ?"

ಅವಳು ತಲೆ ಎತ್ತಲಿಲ್ಲ.

"ಇಲ್ಲ. ನಾಲ್ಕನೆಯವನಾಗಬೇಕಿತ್ತು. ನಿನ್ನ ಹಿಂದಿದ್ದ ಇಬ್ಬರೂ ನಿನಗಿಂತ ಜೋರಿದ್ರು. ಮರ್ಯಾದಸ್ಥರು, ಗುದ್ದಲಿಲ್ಲ."