ನಾನು ಹುಟ್ಟಿಸಿದ ಡಾಕ್ಟರು

ಅಣ್ಣಿಗೇರಿಯಲ್ಲಿ ನನ್ನದೊಂದು ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್ ಬುಕ್ಕು, ಮಠದ ಕರಪತ್ರ ಅಚ್ಚು ಹಾಕುತ್ತಿದ್ದೆ. ಲಗ್ನದ ಹಂಗಾಮು ಮುಗಿದರೆ ಮಷಿನ್ನು ಸುಮ್ಮನೆ ನಿಲ್ಲುತ್ತಿತ್ತು. ಆ ಖಾಲಿ ತಿಂಗಳುಗಳಿಗೆಂದು ಗಂಡಸರಿಗಾಗಿ ಒಂದು ಮಾಸಪತ್ರಿಕೆ ಹೊರಡಿಸಿದೆ. ಮೊದಮೊದಲು ಅದರಲ್ಲಿ ಕುಸ್ತಿ, ವ್ಯಾಯಾಮ, ಪಥ್ಯದ ವಿಷಯಗಳು ಇದ್ದವು. ಯಾರೂ ಕೊಳ್ಳಲಿಲ್ಲ. ಆಮೇಲೆ ಮುಖಪುಟಕ್ಕೆ ಹೆಂಗಸಿನ ಚಿತ್ರ ಬಂತು, ಒಳಗೆ ಹಾಸಿಗೆಯ ಕಥೆಗಳು ಬಂದವು. ನವಲಗುಂದದಿಂದ ಕಲಘಟಗಿಯವರೆಗೆ ಬಸ್‌ಸ್ಟ್ಯಾಂಡಿನ ಅಂಗಡಿಯವರು ಅದನ್ನು ದಿನಪತ್ರಿಕೆಯೊಳಗೆ ಮಡಚಿಟ್ಟು ಮಾರತೊಡಗಿದರು. ಜನ ನನ್ನನ್ನು ಸಾವಕಾರ ಎಂದರು. ಮಠದವರೂ ಕರಪತ್ರ ಮಾಡಿಸುವುದನ್ನು ಬಿಡಲಿಲ್ಲ.

ಎಲ್ಲರೂ ಮೊದಲು ಓದುತ್ತಿದ್ದದ್ದು ಕೊನೆಯ ಪುಟವನ್ನು. ಅಲ್ಲಿ ಹುಬ್ಬಳ್ಳಿಯ ಅನುಭವಿ ಡಾಕ್ಟರೊಬ್ಬರು ಗಂಡಸರ ಗುಟ್ಟಿನ ತೊಂದರೆಗಳಿಗೆ ಉತ್ತರ ಕೊಡುತ್ತಿದ್ದರು. ಅಂಥ ಡಾಕ್ಟರು ಇರಲೇ ಇಲ್ಲ. ಎಸ್ಸೆಸ್ಸೆಲ್ಸಿ ಓದಿದ ನಾನೇ ಬರೆಯುತ್ತಿದ್ದೆ.

ಒಂದು ಮಧ್ಯಾಹ್ನ ಹತ್ತಿರದ ಹಳ್ಳಿಯ ಹಿಟ್ಟಿನ ಗಿರಣಿಯವನು ಬಂದ. ಹಿಂದಿನ ವರ್ಷ ಅವನ ಲಗ್ನಪತ್ರಿಕೆಯನ್ನು ನಾನೇ ಅಚ್ಚು ಹಾಕಿದ್ದೆ. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು.

“ಸಾವಕಾರ್ರ, ಆ ಡಾಕ್ಟರ್ ಎಲ್ಲಿ ಕುಂದರ್ತಾರ್ರಿ?”

“ಹುಬ್ಬಳ್ಯಾಗ. ಭಾಳ ಗದ್ದಲ ಇರತೈತಿ ತಮ್ಮಾ, ಭೆಟ್ಟಿ ಆಗಂಗಿಲ್ಲ. ನನಗ ಹೇಳು, ಮುಟ್ಟಸ್ತೀನಿ.”

ಮದುವೆಯಾಗಿ ವರ್ಷವಾದರೂ ಹೆಂಡತಿಯೊಡನೆ ಕೂಡಲು ಆಗುತ್ತಿಲ್ಲ ಎಂದು ಗೋಡೆ ನೋಡುತ್ತ ಹೇಳಿದ. ಆಕೆ ಏನನ್ನುತ್ತಾಳೆ ಎಂದು ಕೇಳಿದೆ.

“ಏನೂ ಅನ್ನಂಗಿಲ್ರಿ ಪಾಪ. ಇಬ್ರೂ ಕೂಡೇ ದವಾಖಾನಿಗೆ ಹೋಗೂಣು ಅಂತಾಳ.”

‘ಹೋಗು’ ಎಂದಿದ್ದರೆ ಸಾಕಿತ್ತು. ಆದರೆ ತಪ್ಪು ನಿಮ್ಮದಲ್ಲ ಎಂಬ ಮಾತನ್ನು ಗಂಡಸರು ತಿಂಗಳು ತಿಂಗಳೂ ಕೊಂಡು ಓದುತ್ತಾರೆ ಎಂಬುದು ನನಗೆ ತಿಳಿದುಹೋಗಿತ್ತು. ದೋಷ ಹೆಂಡತಿಯದು, ಅವಳ ಮೈ ತಂಪಿನದು, ಕೆಲವು ಕಾಲ ತವರಿಗೆ ಕಳಿಸಿ ಎಂದು ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಡಾಕ್ಟರ ಬಾಯಿಂದ ಬರೆದೆ.

ಅವನು ಕಳಿಸಿದ. ಆಕೆಯ ಅಣ್ಣ ಕುಂದಗೋಳದ ಕಡೆಯಿಂದ ಬಂದು ಹಿರಿಯರನ್ನು ಕೂಡಿಸಿದಾಗ ಇವನು ನನ್ನ ಪತ್ರಿಕೆಯನ್ನು ಮುಂದಿಟ್ಟನಂತೆ. ಅಂಥದ್ದನ್ನು ಕಣ್ಣಿಂದಲೂ ನೋಡಿಲ್ಲ ಎನ್ನುತ್ತಿದ್ದ ಹಿರಿಯರು ನೇರವಾಗಿ ಕೊನೆಯ ಪುಟವನ್ನೇ ತೆಗೆದರಂತೆ. ಅಚ್ಚಾದ ಮಾತು, ಅದೂ ಡಾಕ್ಟರದು. ಆಕೆ ಅಣ್ಣನ ಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತ ಉಳಿದಳು. ಅಂಗಡಿಯವರು ಈ ಸುದ್ದಿಯನ್ನು ನಗುತ್ತ ಹೇಳಿದರು. ನಾನೂ ನಕ್ಕೆ.

ನನ್ನ ಪತ್ರಿಕೆಯನ್ನು ಪೊಲೀಸರೂ ಮುಚ್ಚಿಸಲಿಲ್ಲ, ಮಠದವರೂ ಮುಚ್ಚಿಸಲಿಲ್ಲ. ಮೊಬೈಲು ಮುಚ್ಚಿಸಿತು. ಕಟ್ಟು ಬಿಚ್ಚದೆಯೇ ಗಂಟುಗಳು ವಾಪಸು ಬಂದವು. ಲಗ್ನಪತ್ರಿಕೆಗಳೂ ಮೊಬೈಲಿಗೇ ಹೋದವು. ಮಷಿನ್ನು ಗುಜರಿ ಸೇರಿತು.

ಹೋದ ಬೇಸಿಗೆಯಲ್ಲಿ, ಅಣ್ಣನ ಮನೆಯಲ್ಲೇ ಉಳಿದಿದ್ದ ಆಕೆಗೆ ಜಡ್ಡು ಜೋರಾಗಿದೆ ಎಂದು ಕೇಳಿದೆ. ಗಿರಣಿಯವನಿಗೆ ನಿಜ ಹೇಳಿಬಿಡಬೇಕು ಎಂದುಕೊಂಡೆ. ಇಂದು ನಾಳೆ ಎನ್ನುವುದರಲ್ಲಿ ಆಕೆ ತೀರಿಕೊಂಡಳು. ಆಮೇಲೆ ಹೋದೆ.

ಅವನು ಗಿರಣಿ ನಿಲ್ಲಿಸಿ ಖುರ್ಚಿ ಕೊಟ್ಟ. “ಬರ್ರಿ ಸಾವಕಾರ್ರ. ನಿಮ್ಮ ಡಾಕ್ಟರ್ ಇನ್ನೂ ಅದಾರೇನ್ರಿ?”

“ಡಾಕ್ಟರ್ ಇರಲೇ ಇಲ್ಲೋ ತಮ್ಮಾ. ನಾನ ಬರದದ್ದು ಅದು.”

“ಚ್ಯಾಷ್ಟಿ ಮಾಡಬ್ಯಾಡ್ರಿ.”

ಮತ್ತೆ ಹೇಳಿದೆ. ಹೊರಗೆ ಡಬ್ಬಿ ಇಟ್ಟುಕೊಂಡು ಕೂತಿದ್ದ ಮುದುಕಿ ಕೂಗಿದಳು: “ಏ, ಗಿರಣಿ ಚಾಲೂ ಮಾಡಲೇ! ಮನ್ಯಾಗ ಹಂಚು ಕಾಯಾಕತ್ತೈತಿ.”

“ತಡಿಯಬೇ ಆಯಿ,” ಎಂದ ಅವನು ನನ್ನ ಕಡೆ ತಿರುಗಿದ. “ಆಕೀ ಮಣ್ಣಿಗೆ ಹೋಗಲಿಲ್ರಿ ನಾ. ತಪ್ಪು ಆಕೀದು, ನಾ ಯಾಕ ಹೋಗ್ಲಿ ಅಂತ ಕುಂತೆ. ನಾಕು ದಿನ ಮೊದ್ಲ ಬಂದು ಹೇಳಿದ್ರ ಏನಾಗ್ತಿತ್ರಿ ನಿಮಗ?”

ನಾನು ಕೈಮುಗಿದೆ. ಆಕೆಯ ಅಣ್ಣನ ಮುಂದೆಯೂ, ಊರ ಹಿರಿಯರ ಮುಂದೆಯೂ ನಿಜ ಹೇಳುತ್ತೇನೆ, ಆಕೆಯ ಮೇಲಿನ ಮಾತಾದರೂ ಹೋಗಲಿ ಎಂದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದ.

“ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಊರಾಗ ಅದೊಂದ ನನ್ನ ಮರ್ಯಾದಿ. ಆಕಿ ಅಂತೂ ಹೋದ್ಲು. ನಾ ಇಲ್ಲೇ ಇರಬೇಕ್ರಿ.”

ಹೂಂ ಎಂದೆ. ಈ ಬರಹದಲ್ಲಿ ಯಾರ ಹೆಸರೂ ಇಲ್ಲದಿರುವುದು ಅದಕ್ಕೇ. ಬದುಕಿದ್ದಾಗ ಆಕೆಯ ಮೇಲೆ ಹೊರಿಸಿದ್ದನ್ನು, ಸತ್ತ ಮೇಲೂ ಆಕೆಯ ಮೇಲೆಯೇ ಬಿಟ್ಟು ಬಸ್ಸು ಹತ್ತಿ ಬಂದೆ.